ನೀಲಾಳ ಪಾಸ್‌ವರ್ಡ್

ಸತ್ತವರ ನೆನಪುಗಳನ್ನು ಸರ್ವರ್‌ನಲ್ಲಿ ಇಡುವುದು ಗದಗಿನಲ್ಲಿ ರೂಢಿಯಾದ ಮೇಲೆ, ಶಾಂತವೀರಮ್ಮ ದಿನವೂ ನೆನಪಿನ ಕೇಂದ್ರಕ್ಕೆ ಬಂದು ತೀರಿಹೋದ ಹಿರಿಯ ಮಗಳು ನೀಲಾಳ ಖಾತೆ ತೆರೆದು ಕೂಡುತ್ತಿದ್ದಳು. ಮಗಳು ಕಂಡದ್ದು, ಕೇಳಿದ್ದು ಎಲ್ಲ ಕಣ್ಣೆದುರು ಬರುತ್ತಿತ್ತು. ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ.

ಇವತ್ತು ಪರದೆ ‘ಪಾಸ್‌ವರ್ಡ್ ತಪ್ಪು’ ಎಂದಿತು. ಮತ್ತೆ ಹಾಕಿದಳು, ಮತ್ತೆ ಅದೇ.

ಕೇಂದ್ರದ ಮಹಬೂಬ ಕೀಲಿಮಣೆ, ಸಂಪರ್ಕ ಎಲ್ಲ ಪರೀಕ್ಷಿಸಿದ. ಕೊನೆಗೆ ನೀಲಾಳ ಖಾತೆಯ ವಿವರ ಓದಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

“ಸರ್ವರ್ ಸರಿ ಐತ್ರಿ ಅಮ್ಮಾರ. ನಿಮ್ಮ ಮಗಳು ದವಾಖಾನ್ಯಾಗಿದ್ದಾಗ ಹೇಳಿಟ್ಟಾರ, ‘ನಾ ಹೋಗಿ ವರ್ಷ ತುಂಬಿದ ಮ್ಯಾಲೆ ಪಾಸ್‌ವರ್ಡ್ ತಾನ ಬದಲಾಗ್ಲಿ’ ಅಂತ.”

“ಯಾಕಂತ?”

“‘ಅವ್ವ ಅಲ್ಲೇ ಕುಂತುಬಿಡ್ತಾಳ, ನನ್ನ ತಂಗೀನ ಯಾರು ನೋಡ್ತಾರ’ ಅಂದಾರ.”

“ಹೊಸಾದು ಹಾಕಿಕೊಡಪಾ.”

“ಹೊಸಾದು ಹಾಕೋದು ಅವರೊಬ್ಬರ ಕೈಯಾಗಷ್ಟ ಇತ್ರಿ.”

ಶಾಂತವೀರಮ್ಮ ಸೆರಗು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಎದ್ದಳು. ಬಾಗಿಲ ಬಳಿ ನಿಂತು ತಿರುಗಿದಳು.

“ಹೆಣ್ಣುಮಕ್ಕಳ ಸಾಲಿ ಎಷ್ಟಕ್ಕ ಬಿಡ್ತಾರಪಾ?”

ತನ್ನ ಸಣ್ಣ ಮಗಳು ಶಾಲೆಯಿಂದ ಮನೆಗೆ ಬರುವ ಹೊತ್ತು ಅವಳಿಗೆ ಗೊತ್ತಿರಲಿಲ್ಲ.