ಸಾಕ್ಷಿಯ ಕೈ

“ಓದಿ ಹೇಳಿ ಮೇಷ್ಟ್ರೇ, ನಾಳೀಕೋ ನಾಳಿದ್ದೋ?” ಮರದ ಗಾಡಿ ಹೊಡೆಯುವ ಸೋಮಯ್ಯ ಕೋರ್ಟಿನ ಸಮನ್ಸನ್ನು ಹುಣಸೂರಿನ ಮಿಷನ್ ಶಾಲೆಯ ಸತ್ಯಪ್ಪ ಮೇಷ್ಟ್ರ ಕೈಗಿಟ್ಟ. ಗುರುಪುರದ ದಾರಿಯಲ್ಲಿ ಜವಳಿ ವ್ಯಾಪಾರಿಯೊಬ್ಬನನ್ನು ಯಾರೋ ಕಡಿದು ಹಾಕಿದ್ದರು. ಸಿಕ್ಕಿಬಿದ್ದವನು ಕುರಿ ಕಾಯುವ ಚಿಕ್ಕಬೀರಯ್ಯ. ಓಡಿಹೋದವನನ್ನು ಕಂಡವನು ಸೋಮಯ್ಯ ಒಬ್ಬನೇ.

“ನಾಳಿದ್ದು, ಮೈಸೂರಲ್ಲಿ. ಏನು ಹೇಳ್ತೀಯ?”

“ಇವ್ನೇ ಅಂತೀನಿ. ಒಬ್ಬನ್ನ ಗಲ್ಲಿಗಾಕುದ್ರೆ ಸೀಮೆಯೆಲ್ಲ ಎದರ್ಕೊತದೆ ಬುಡಿ. ಇನ್ಯಾವನೂ ಮಚ್ಚು ಎತ್ತಾಕಿಲ್ಲ.”

ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ, ಪಾಪ. ಆದರೆ ಎಲುಬಿಲ್ಲದ ನಾಲಿಗೆ ನೋಡಿ! ಚಾವಡಿಯಲ್ಲಿ, ಸಂತೆಯಲ್ಲಿ ನೂರು ಸಲ ಹೇಳಿ ಹೇಳಿ, ಕಂಡದ್ದು ಚಿಕ್ಕಬೀರಯ್ಯನನ್ನೇ ಎಂಬುದು ಅವನಿಗೇ ನಿಜವಾಗಿಬಿಟ್ಟಿತ್ತು.

“ಯೆಹೂದ್ಯರ ಹಳೇ ಧರ್ಮಶಾಸ್ತ್ರವೂ ಅದನ್ನೇ ಹೇಳ್ತದಪ್ಪ,” ಎಂದರು ಮೇಷ್ಟ್ರು. “ಜನ ಕೇಳಿ ಹೆದರಲಿ, ಕೇಡು ಊರು ಬಿಟ್ಟು ತೊಲಗಲಿ ಅಂತಲೇ ಅವರು ಕಲ್ಲೆಸೆದು ಕೊಲ್ತಿದ್ದದ್ದು. ಆದ್ರೆ ಒಬ್ಬನ ಮಾತು ಕೇಳಿ ಯಾರನ್ನೂ ಕೊಲ್ಲುವಂತಿರಲಿಲ್ಲ, ಇಬ್ಬರಾದರೂ ಸಾಕ್ಷಿ ಬೇಕು. ಕೊಲ್ಲೋಕೆ ಬೇರೆ ಆಳೂ ಇಲ್ಲ. ಮೊದಲ ಕಲ್ಲು ಸಾಕ್ಷಿಯೇ ಎತ್ತಿ ಹಾಕಬೇಕು, ಆಮೇಲೆ ಊರು.”

“ಅಯ್ಯಯ್ಯೋ, ನೋಡ್ದೋನೇ ಕೊಲ್ಬೇಕಾ?”

ಮೇಷ್ಟ್ರು ಜಗಲಿಯ ಮೇಲಿದ್ದ ರುಬ್ಬುಗುಂಡನ್ನು ತೋರಿಸಿದರು. “ಎತ್ತು. ಚಿಕ್ಕಬೀರಯ್ಯ ಇಲ್ಲೇ ಕೂತಿದ್ದಾನೆ ಅಂದ್ಕೊ.”

ದಿನವೂ ದಿಮ್ಮಿ ಹೊರುವ ಮೈ ಅವನದು. ಸಲೀಸಾಗಿ ಎದೆಮಟ್ಟ ಎತ್ತಿದ. ಅಷ್ಟೇ, ಎತ್ತಿ ಹಾಕಲು ಕೈ ಬರಲಿಲ್ಲ.

“ಮುಖ ನೋಡಿದ್ಯೇನಪ್ಪ?”

ಸೋಮಯ್ಯ ಗುಂಡು ಕೆಳಗಿಟ್ಟು ಅಲ್ಲೇ ಕೂತ. “ಕಂಬ್ಳಿ ಕಂಡೆ ಮೇಷ್ಟ್ರೇ. ಮೊಕ ಆ ಕಡಿಕಿತ್ತು.”

ಮೈಸೂರಿನಲ್ಲಿ ಜಡ್ಜಿಯ ಮುಂದೆಯೂ ಅಷ್ಟನ್ನೇ ಹೇಳಿದ. ಚಿಕ್ಕಬೀರಯ್ಯ ಬಿಡುಗಡೆಯಾಗಿ ಬಂದ. ಅವನ ಹೆಂಡತಿ ಚಿಕ್ಕಸಿದ್ದಮ್ಮ ಎಳೆಕೂಸನ್ನು ಎತ್ತಿಕೊಂಡೇ ಸೋಮಯ್ಯನ ಮನೆಗೆ ಓಡಿಬಂದು, “ನನ್ ತಾಳಿ ಉಳಿಸ್ಬುಟ್ಟೆ ಕಣಣ್ಣ!” ಎನ್ನುತ್ತ ಕೂಸನ್ನು ಕೆಳಗೆ ಮಲಗಿಸಿ, ಕೈ ಮುಗಿದು ಗೋಳೋ ಎಂದು ಅತ್ತಳು.

“ನಂಗ್ಯಾಕವ್ವ ಕೈ ಮುಗಿತೀಯ? ಮೇಷ್ಟ್ರಿಗೆ ಮುಗಿ. ನಿನ್ ಗಂಡನ್ಗಿಂತ ಮೊದ್ಲು ಆ ಪುಣ್ಯಾತ್ಮ ಉಳಿಸಿದ್ದು ನನ್ನ,” ಎನ್ನುವಷ್ಟರಲ್ಲಿ ಸೋಮಯ್ಯನ ಕಣ್ಣೂ ತುಂಬಿ ಬಂತು. ಅವಳಿಗಿಂತ ಮುಂಚೆ ತಾನೇ ಶಾಲೆಯ ದಿಕ್ಕಿಗೆ ತಿರುಗಿ ಕೈ ಮುಗಿದ.

ಅವಳು ಹೋದ ಮೇಲೆ ಸೋಮಯ್ಯನ ಹೆಂಡತಿ ಮರಮ್ಮ ಮೆಲ್ಲಗೆ ಕೇಳಿದಳು: “ಅಂಗಾರೆ ಆ ವ್ಯಾಪಾರೀನ ಕೊಂದೋರು ಯಾರು?”

“ಯಾರೋ ಕಾಣೆ ಕಣಮ್ಮಿ,” ಎಂದ ಸೋಮಯ್ಯ. “ನಾನಂತೂ ಯಾರ್ನೂ ಕೊಲ್ನಿಲ್ಲ.”