ಕೆಂಡಮ್ಮನ ಮೇಲಿನ ಆರೋಪ

ಹವಳವನ್ನು ಮತ್ತೆ ಯಾರೋ ಕಚ್ಚಿದ್ದರು.

ಹಲ್ಲಿನ ಡಾಕ್ಟರು ಕ್ಲಿನಿಕ್‌ನಿಂದ ಬಂದವರು ಬೂಟನ್ನೂ ಬಿಚ್ಚದೆ ಅಕ್ವೇರಿಯಂ ಗಾಜಿಗೆ ಮೂಗು ಒತ್ತಿ ನಿಂತರು. ಬೆಳಿಗ್ಗೆ ಹೂವಿನಂತೆ ಅರಳಿಕೊಂಡಿದ್ದ ಜೀವಂತ ಹಸಿರು ಹವಳ ಈಗ ಮುದುಡಿ ಕೂತಿತ್ತು. ಅಂಚಿನಲ್ಲಿ ಒಂದು ಚೂರು ಕಿತ್ತುಹೋಗಿತ್ತು.

“ಗುರುತು ನೋಡೇ,” ಎಂದರು ಹೆಂಡತಿಗೆ. “ಎರಡೂ ದವಡೆ ಸೇರಿಸಿ ಹಿಡಿದು ಎಳೆದಿದೆ. ಕಚ್ಚೋ ವಿಷಯದಲ್ಲಿ ನಂಗೆ ಯಾರೂ ಪಾಠ ಹೇಳಬೇಕಾಗಿಲ್ಲ.”

“ನಾನೆಲ್ಲಿ ಹೇಳಿದೆ?” ಎಂದಳು ಹೆಂಡತಿ.

ಆರೋಪಿ ಗಾಜಿನಾಚೆ ಆರಾಮಾಗಿ ಈಜುತ್ತಿದ್ದಳು. ಹೆಬ್ಬೆರಳಿನಷ್ಟು ಉದ್ದದ ಕುಬ್ಜ ಏಂಜೆಲ್ ಮೀನು. ಕೆಂಪು ಮೈ, ಕಪ್ಪು ಪಟ್ಟೆ, ಹೆಸರು ಕೆಂಡಮ್ಮ. ಮಾರುವಾಗಲೇ ಅಂಗಡಿಯವನು ಕೈ ತೊಳೆದುಕೊಂಡಿದ್ದ: “ಈ ಜಾತಿಗೆ ಗ್ಯಾರಂಟಿ ಇಲ್ಲ ಸಾರ್. ಒಂದು ಮೀನು ಪಾಚಿ ತಿಂದ್ಕೊಂಡು ಸಾಧುವಾಗಿರುತ್ತೆ, ಇನ್ನೊಂದು ಹವಳ ಕಂಡ್ರೆ ಬಾಯಿ ಹಾಕುತ್ತೆ.” ಇವೆಲ್ಲ ಹುಟ್ಟುವಾಗ ಹೆಣ್ಣೇ, ಗುಂಪಿನಲ್ಲಿ ದರ್ಬಾರು ನಡೆಸುವುದು ಯಾವುದೋ ಅದು ಗಂಡಾಗಿಬಿಡುತ್ತದೆ ಎಂದೂ ಹೇಳಿದ್ದ. ಡಾಕ್ಟರು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಆ ಕಾನೂನು ಮನುಷ್ಯರಿಗೂ ಇದ್ದಿದ್ದರೆ ತಮ್ಮ ಮನೆಯಲ್ಲಿ ಮೀಸೆ ಯಾರಿಗೆ ಬರುತ್ತಿತ್ತು ಎಂದು ಅವರು ಯೋಚಿಸಲಿಲ್ಲ.

ಒಂದು ವರ್ಷ ಕೆಂಡಮ್ಮ ಬರೀ ಪಾಚಿ ತಿಂದುಕೊಂಡಿದ್ದಳು. ಈಗ ಇದ್ದಕ್ಕಿದ್ದಂತೆ ಬುದ್ಧಿ ಕೆಟ್ಟಿತ್ತು.

“ಪಾಪದ ಪ್ರಾಣಿ ಮೇಲೆ ಯಾಕ್ರೀ ಗೂಬೆ ಕೂರಿಸ್ತೀರಾ? ಕಣ್ಣಾರೆ ಕಂಡಿದ್ದೀರಾ?”

“ಮತ್ತೆ ನಾನು ಕಚ್ಚಿದ್ನಾ? ನೀನು ಕಚ್ಚಿದ್ಯಾ?”

“ಹಾಗಲ್ಲ. ಅದನ್ನ ಹಿಡೀಬೇಕಂದ್ರೆ ನೀವು ಕಲ್ಲೆಲ್ಲ ಎತ್ತಬೇಕಾಗುತ್ತಲ್ಲ, ಅದಕ್ಕೆ ಹೇಳಿದೆ.”

ಡಾಕ್ಟರು ಗಾಜಿಗೆ ಎರಡೂ ಕೈ ಅಡ್ಡ ಹಿಡಿದರು. ಆ ಕಲ್ಲಿನ ಕಮಾನು ಅವರ ಜೀವ. ಒಂದೊಂದೇ ಕಲ್ಲು ಹೊಂದಿಸಿ, ಹವಳ ಅಂಟಿಸಿ ಬೆಳೆಸಿದ್ದು. ತಮ್ಮ ಕೈ ಬಿಟ್ಟು ಇನ್ನೊಬ್ಬರ ಕೈ ಆ ನೀರಿಗೆ ಇಳಿಯಕೂಡದು ಎಂಬುದು ಮನೆಯ ಕಟ್ಟಪ್ಪಣೆ. ಒಮ್ಮೆ ಹೆಂಡತಿ ಗಾಜಿನ ಒಳಬದಿ ಒರೆಸಲು ಹೋಗಿದ್ದಕ್ಕೆ ವಾರವಿಡೀ ಮಾತು ಬಿಟ್ಟಿದ್ದರು. ಅಷ್ಟು ಸಾಲದೆಂದು ಫೋನ್ ಮಾಡಿ ತಮ್ಮ ಅಮ್ಮನಿಗೆ ಚಾಡಿ ಹೇಳಿದ್ದರು. ಅಮ್ಮನಿಂದ ಏನನ್ನೂ ಮುಚ್ಚಿಟ್ಟು ಗೊತ್ತಿಲ್ಲದ ಮಗ.

ಆದ್ದರಿಂದ ಮೊದಲು ಬೋನು. ಅಂಗಡಿಯವನಿಂದ ಪಾರದರ್ಶಕ ಡಬ್ಬಿಯೊಂದು ಬಂತು. ಮೀನನ್ನು ಉಪವಾಸ ಕೆಡವಿ, ಆಮೇಲೆ ಒಳಗೆ ತಿಂಡಿ ಇಡಿ, ತಾನಾಗಿ ಬರುತ್ತದೆ ಎಂದ. ಆಮಿಷ ಸಿಕ್ಕಿಸಲು ಡಾಕ್ಟರು ತಮ್ಮ ಬಾಗಿದ ಮೂತಿಯ ಉದ್ದನೆಯ ಚಿಮುಟ ಹುಡುಕಿದರು. ಅದು ಅಡುಗೆಮನೆಯಲ್ಲಿ, ಚಮಚಗಳ ನಡುವೆ ಇತ್ತು.

“ಇದು ಇಲ್ಲಿಗೆ ಯಾಕೆ ಬಂತು?”

“ಮುಳ್ಳು ಚುಚ್ಚಿತ್ತೂರೀ,” ಎಂದು ಹೆಂಡತಿ ಬೆರಳು ತೋರಿಸಿದಳು. ಆ ಬೆರಳಿಗೆ ಪಟ್ಟಿ ಸುತ್ತಿ ಬಹಳ ದಿನವಾಗಿತ್ತು. ಹವಳಕ್ಕಾದ ಗಾಯದ ಮುಂದೆ ಅದು ಯಾವ ಲೆಕ್ಕ! ಡಾಕ್ಟರು ಚಿಮುಟ ಒರೆಸಿಕೊಂಡು ಹೊರಟರು.

ಕೆಂಡಮ್ಮ ಬೋನಿನತ್ತ ತಿರುಗಿಯೂ ನೋಡಲಿಲ್ಲ. ಉಪವಾಸ ಹಾಕಿದಷ್ಟೂ ಅವಳ ಹೊಟ್ಟೆ ಗುಂಡಗಾಗುತ್ತ ಹೋಯಿತು.

“ನೋಡಿದ್ಯಾ?” ಡಾಕ್ಟರು ಕುಣಿದಾಡಿದರು. “ನನ್ನ ಹವಳ ತಿಂದೇ ಕೊಬ್ಬಿದೆ! ಸಾಕ್ಷಿ ಬೇಕಾ ಇನ್ನೂ?”

ಹೆಂಡತಿ ತಲೆ ತಗ್ಗಿಸಿದಳು.

ಶನಿವಾರ ಅಮ್ಮ ಫೋನ್ ಮಾಡಿ ಸೋಮವಾರ ಬರುತ್ತೇನೆ ಎಂದರು. ಹೆಂಡತಿಯ ಮುಖ ಬಿಳಿಚಿಕೊಂಡಿತು. ಅತ್ತೆ ಬರುತ್ತಾರೆಂದರೆ ಯಾವ ಸೊಸೆಯ ಮುಖ ಅರಳೀತು ಎಂದುಕೊಂಡರು ಡಾಕ್ಟರು. ಅದೇ ಸಂಜೆ ನೇರಳೆ ಹವಳಕ್ಕೂ ಬಾಯಿ ಬಿದ್ದಿತ್ತು. ಡಾಕ್ಟರ ತಾಳ್ಮೆಯ ಕಟ್ಟೆ ಒಡೆಯಿತು.

“ನಾಳೆ ಕಲ್ಲು ಎತ್ತಿಬಿಡ್ತೀನಿ. ಈ ಪಿಶಾಚಿಯನ್ನ ಅಂಗಡಿಗೆ ಸಾಗಹಾಕದಿದ್ರೆ ನನ್ನ ಹೆಸರು ಬದಲಾಯಿಸು.”

“ನಿಮ್ಮಿಷ್ಟ,” ಎಂದಳು ಹೆಂಡತಿ. “ನಾನೂ ಕೈ ಜೋಡಿಸ್ತೀನಿ.”

ಭಾನುವಾರ ಹಾಲ್ ತುಂಬ ಬಕೆಟ್ಟುಗಳು. ನೀರು ಅರ್ಧ ಇಳಿಯಿತು. ಡಾಕ್ಟರು ಒಂದೊಂದು ಕಲ್ಲು ಎತ್ತುವಾಗಲೂ ಸ್ವಂತ ಹಲ್ಲು ಕೀಳಿಸಿಕೊಂಡವರಂತೆ ನರಳಿದರು. ಕೆಂಡಮ್ಮ ಈ ಸಂದಿಯಿಂದ ಆ ಸಂದಿಗೆ ಹಾರಿ ಆಟ ಆಡಿಸಿದಳು. ಉಪ್ಪುನೀರಿನ ವಾಸನೆಗೆ ಮೂಗು ಮುರಿಯುತ್ತಿದ್ದ ಹೆಂಡತಿ ಇವತ್ತು ಮಂಡಿಯೂರಿ ಕೂತು ಕಲ್ಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಳದ ಮರಳನ್ನೂ ಹಿಟ್ಟಿನ ಜರಡಿಯಲ್ಲಿ ಜಾಲಿಸಿದಳು. ಕಚ್ಚೋ ಹುಳ ಏನಾದ್ರೂ ಇದ್ರೆ ಗೊತ್ತಾಗಲಿ ಎಂದಳು. ಎಂಥ ಹೆಂಡತಿ ಎಂದು ಡಾಕ್ಟರ ಮನಸ್ಸು ತುಂಬಿ ಬಂತು.

ಕೊನೆಯ ಕಲ್ಲು ಎದ್ದಿತು. ಬಲೆ ಬಿತ್ತು.

“ಸಿಕ್ತು!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಡಾಕ್ಟರು ಕೆಂಡಮ್ಮನಿದ್ದ ಬಕೆಟ್ಟು ಹಿಡಿದು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಕಣ್ಣಲ್ಲಿ ನೀರಿತ್ತು, ಅದು ನಾಟಕವಾಗಿರಲಿಲ್ಲ.

“ಬೇಡಾರೀ. ಇದೊಂದ್ಸಲ ಬಿಟ್ಬಿಡಿ. ಇನ್ಮೇಲೆ ಕಚ್ಚಲ್ಲ, ನಾನು ಜಾಮೀನು.”

“ನಿಂಗೇನು ಗೊತ್ತು?”

“ಗೊತ್ತು. ಅಷ್ಟೇ.”

ಡಾಕ್ಟರು ಕರಗಿದರು. ಬಕೆಟ್ಟಿನೊಳಗೆ ಬೆರಳಾಡಿಸಿ, ಕೆಂಡಮ್ಮನಿಗೆ ಒಂದಿಷ್ಟು ಗದರಿ, ಕಲ್ಲು ಜೋಡಿಸಿದ ಮೇಲೆ ವಾಪಸು ಬಿಟ್ಟರು.

ಸೋಮವಾರ ಅತ್ತೆ ಬಂದರು. ಚಪ್ಪಲಿ ಬಿಡುವ ಮೊದಲೇ ಸೊಸೆಯ ಕೈ ಹಿಡಿದುಕೊಂಡರು. ಬೆರಳಲ್ಲಿ ಪಟ್ಟಿ ಇರಲಿಲ್ಲ. ಅತ್ತೆ ಮದುವೆಯಲ್ಲಿ ತಮ್ಮ ಬೆರಳಿಂದಲೇ ತೆಗೆದು ತೊಡಿಸಿದ್ದ ಉಂಗುರವಿತ್ತು.

“ಇನ್ನೂ ಸಡಿಲ ಇದ್ಯಲ್ಲಮ್ಮ. ಎಲ್ಲಾದ್ರೂ ಜಾರಿ ಬಿದ್ರೆ?”

“ನಾಳೇನೇ ಬಿಗಿ ಮಾಡಿಸ್ತೀನಿ ಅತ್ತೆ.”

ಅಮ್ಮ ಮಗ ಒಳಗೆ ಹೋದರು. ಅವಳು ಅಕ್ವೇರಿಯಂ ಹತ್ತಿರ ಬಂದು ಸುತ್ತ ನೋಡಿ, ಚೂರು ತಿಂಡಿ ಹಿಡಿದು ನೀರಿಗೆ ಬೆರಳಿಟ್ಟಳು. ಈ ಸಲ ಎಡಗೈಯದ್ದಲ್ಲ, ಉಂಗುರವಿಲ್ಲದ ಬಲಗೈಯದ್ದು. ಕೆಂಡಮ್ಮ ಎಂದಿನಂತೆ ಓಡಿ ಬಂದಳು.

“ತಪ್ಪಾಯ್ತು ಕಣೇ,” ಎಂದು ಅವಳು ಪಿಸುಗುಟ್ಟಿದಳು, “ನಿಂಗೆ ತಿಂಡಿ ಕೊಡೋವಾಗ ಜಾರಿದ ಉಂಗುರಕ್ಕೆ ಅವರ ಕೈಯಿಂದಲೇ ಕಲ್ಲೆಲ್ಲ ಎತ್ತಿಸಬೇಕಿತ್ತು, ಅದಕ್ಕೇ ಚಿಮುಟ ಹಿಡಿದು ನಿನ್ನ ಹೆಸರಲ್ಲಿ ನಾನು ಕಚ್ಚಿದೆ.”