ಹದಿನೇಳನೇ ಚಿತ್ರಕಥೆ

ಬೆಳಿಗ್ಗೆ ಹನ್ನೊಂದಕ್ಕೆ ಅವರು ಹದಿನೇಳನೇ ಚಿತ್ರಕಥೆಗೆ ಹತ್ತರಲ್ಲಿ ಎರಡು ಅಂಕ ಬರೆದು ಲಕೋಟೆ ಅಂಟಿಸಿ, ಸಿನಿಮಾ ಟ್ರಸ್ಟಿನಿಂದ ಬಂದಿದ್ದ ಹುಡುಗನ ಕೈಲಿ ಕಳಿಸಿದರು.

ಮೊದಲ ಸಿನಿಮಾ ಮಾಡಲು ಆ ಟ್ರಸ್ಟ್ ವರ್ಷಕ್ಕೆ ಒಬ್ಬರಿಗೆ ಹಣ ಕೊಡುತ್ತಿತ್ತು. ತೀರ್ಪುಗಾರರು ಅವರೂ ಸೇರಿ ಮೂವರು, ಯಾರೆಂಬುದು ಗುಟ್ಟು. ಚಿತ್ರಕಥೆಗಳ ಮೇಲೂ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಆದರೂ ಹದಿನೇಳನೆಯದು ಯಾರದೆಂದು ಮೊದಲ ಪುಟದಲ್ಲೇ ಅವರಿಗೆ ಗೊತ್ತಾಗಿತ್ತು. ಹರಿಗೋಲು ನಡೆಸುವ ಹೆಂಗಸಿನ ಆ ಕಥೆಯನ್ನು ಸಂಗಯ್ಯ ಹೋದ ವರ್ಷ ಅವರಿಗೇ ಹೇಳಿದ್ದ. "ಇದು ಓಡಲ್ಲ, ಬಿಡಯ್ಯಾ" ಅಂದಿದ್ದರು. ಕಥೆ ಚೆನ್ನಾಗಿತ್ತು. ಆದರೆ ಇಪ್ಪತ್ತೆರಡು ವರ್ಷ ಸಹನಿರ್ದೇಶಕರಾಗಿಯೇ ಉಳಿದ ಅವರಿಗೆ, ತಮ್ಮ ಕೈಕೆಳಗೆ ಕ್ಲಾಪ್ ಹೊಡೆಯುತ್ತಿದ್ದವನು ನಿರ್ದೇಶಕನಾಗುವುದನ್ನು ನೋಡುವ ಮನಸ್ಸಿರಲಿಲ್ಲ.

ಸಂಜೆ ನಾಲ್ಕೂವರೆಗೆ ಸಂಗಯ್ಯನ ಫೋನ್ ಬಂತು.

"ಗುರುಗಳೇ, ಐದಕ್ಕೆ ಟ್ರಸ್ಟಿನವರ ಪಟ್ಟಿ ಬರುತ್ತಂತೆ. ಎದೆ ಡವಡವ ಅಂತಿದೆ."

"ನಿನಗೇನಯ್ಯಾ, ಡೈರೆಕ್ಟರ್ ಕುರ್ಚಿಗೆ ಹೆಸರು ಬರೆಸಿಟ್ಟಿರ್ತೀಯ."

"ನಾನು ಅರ್ಜಿನೇ ಹಾಕಿಲ್ಲ. ನೀವು ಓಡಲ್ಲ ಅಂದ ದಿನವೇ ಆ ಕಥೆ ಬಿಟ್ಟೆ."

"ಮತ್ತೆ ನಿನ್ನ ಎದೆ ಯಾಕೆ ಹೊಡ್ಕೊಳ್ಳುತ್ತೆ?"

"ಅದನ್ನ ನಿಮ್ಮ ಮಗಳು ಕೇಳಿದಳು, ಕೊಟ್ಟೆ. ಎಂಟು ತಿಂಗಳು ಕೂತು ಚಿತ್ರಕಥೆ ಬರೆದು ಮೇದಿನಿನೇ ಅರ್ಜಿ ಹಾಕಿದಾಳೆ. ಅಪ್ಪನ ಶಿಫಾರಸಿನಿಂದ ಸಿಕ್ಕಿತು ಅಂತ ಯಾರೂ ಅನ್ನಬಾರದು, ಅಪ್ಪನಿಗೆ ಹೇಳಬೇಡಿ ಅಂದಿದ್ದಳು. ನನಗೇ ತಡೆಯೋಕಾಗಲಿಲ್ಲ."

ಐದಕ್ಕೆ ಪಟ್ಟಿ ಬಂತು. ಉಳಿದಿಬ್ಬರು ತೀರ್ಪುಗಾರರೂ ಒಂಬತ್ತೊಂಬತ್ತು ಕೊಟ್ಟಿದ್ದ ಹದಿನೇಳನೇ ಚಿತ್ರಕಥೆ ಒಂದು ಅಂಕದಿಂದ ಎರಡನೇ ಸ್ಥಾನಕ್ಕೆ ಇಳಿದಿತ್ತು.